ಹತ್ತು ಗಂಟೆಯೊಳಗೆ ಒಂದು ಸೂರು

ಮಡಚುವ ಮೇಜು ಎಡಕ್ಕೆ ಮಡಚಬೇಕೋ ಬಲಕ್ಕೆ ಮಡಚಬೇಕೋ ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಹಗುರವಾದ ಪ್ರಶ್ನೆಯಲ್ಲ. ನಾಲ್ಕು ಜನರಿರುವ ಒಂದು ಸಂಸಾರದ ಮುಂದಿನ ಹದಿನೆಂಟು ವರ್ಷಗಳ ನೆಮ್ಮದಿ ಇದರ ಮೇಲೆಯೇ ನಿಂತಿದೆ ಎಂದು ಆ ಸಂಸಾರದ ಹಿರಿಯರಾದ ಅತ್ತೆ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಹಳೆಯ ಗಾಡಿಗಳನ್ನು ಮಾರುವ ಅಂಗಳವೊಂದರ ನಡುವೆ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಲು ಎಚ್ಚರಿಕೆಯಿಂದ ಕೂತು ಘೋಷಿಸಿದರು.

"ಎಡಕ್ಕೆ ಮಡಚಿದ್ರೆ ನಾನು ಮಂಚದಿಂದ ಕಾಲು ಇಳಿಸೋದೆಲ್ಲಿ? ಮೇಜಿನ ಮೇಲಾ?"

"ಮಡಚಿದ ಮೇಲೆ ಅದು ಮೇಜಲ್ಲ ಅಜ್ಜಿ, ಗೋಡೆ" ಎಂದಳು ಮೊಮ್ಮಗಳು. ಅವಳಿಗೆ ಹದಿನಾಲ್ಕು. ಮಾತು ಕಲಿತ ದಿನದಿಂದ ವಾದ ಮಾಡುತ್ತಲೇ ಬಂದಿದ್ದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು.

"ಬಿಚ್ಚಿದಾಗ?"

"ಬಿಚ್ಚಿದಾಗ ನೀವು ಊಟಕ್ಕೆ ಕೂತಿರ್ತೀರಿ. ಕಾಲು ಆಗಲೇ ಕೆಳಗಿರುತ್ತೆ."

"ನೋಡಿದ್ಯೇನೋ" ಎಂದು ಅತ್ತೆ ಮಗನ ಕಡೆ ತಿರುಗಿದರು, "ನಿನ್ನ ಮಗಳು ನನಗೆ ಕಾಲು ಎಲ್ಲಿಡಬೇಕು ಅಂತ ಹೇಳಿಕೊಡ್ತಾಳೆ."

ಮಗ ನೋಡಲಿಲ್ಲ. ಅವನು ಗಾಡಿಯೊಳಗೆ ಮೊಣಕಾಲೂರಿ ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಅದು ಅಲುಗಾಡುವುದು ನಿಲ್ಲಲೆಂದು ಉಸಿರು ಬಿಗಿಹಿಡಿದಿದ್ದ.

ಸೊಸೆ ಮಾತ್ರ ಮೇಜಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ ಎಂದು ಬೆರಳು ಮಡಚುತ್ತಿದ್ದಳು. ಎಷ್ಟು ಸಲ ಮಡಚಿದರೂ ನಾಲ್ಕೇ ಬೆರಳು.

ಅವಳ ಸಂಗತಿ ಹೀಗಿತ್ತು. ಹನ್ನೊಂದು ವರ್ಷದಿಂದ ನಗರದ ಹವಾಮಾನ ಕಚೇರಿಯಲ್ಲಿ ಅವಳು ತಾತ್ಕಾಲಿಕ ಗುಮಾಸ್ತೆ. ಬೆಟ್ಟ, ಬಯಲು, ಕಡಲತೀರಗಳಲ್ಲಿ ಕೂತ ವೀಕ್ಷಕರು ಮೂರು ಗಂಟೆಗೊಮ್ಮೆ ಬರೆದು ಕಳಿಸುವ ಅಂಕಿಗಳನ್ನು ತಾಳೆ ನೋಡಿ ದೊಡ್ಡ ಹಾಳೆಗೆ ಇಳಿಸುವುದು ಅವಳ ಕೆಲಸ. ಬೇರೆಯವರು ನೋಡಿದ ಆಕಾಶವನ್ನು ಅವಳು ಟ್ಯೂಬ್‌ಲೈಟಿನ ಕೆಳಗೆ ನಕಲು ಮಾಡುತ್ತಿದ್ದಳು. ಅವಳ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಮಳೆ ಬರುತ್ತಿದೆಯೋ ಇಲ್ಲವೋ ಎಂದು ಹವಾಮಾನ ಕಚೇರಿಯ ಆ ಹೆಂಗಸು ಒದ್ದೆ ಕೊಡೆ ಹಿಡಿದು ಬಂದವರನ್ನು ಕೇಳಿ ತಿಳಿಯಬೇಕಿತ್ತು. ವೀಕ್ಷಕರ ಪರೀಕ್ಷೆಗೆ ನಾಲ್ಕು ಸಲ ಕೂತಳು. ನಾಲ್ಕನೆಯ ಸಲ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ನೇಮಕದ ಪತ್ರ ಯಾವುದೋ ಕಪಾಟಿನಲ್ಲಿ ಎರಡು ವಾರ ವಿಶ್ರಾಂತಿ ಪಡೆದು ಮಂಗಳವಾರ ಮನೆಗೆ ಬಂತು.

ಬೆಟ್ಟದ ಮೇಲಿನ ಕೇಂದ್ರ. ಸೋಮವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಹಾಜರಾಗತಕ್ಕದ್ದು. ವೀಕ್ಷಕರ ವಸತಿಗೃಹ ಬಿರುಕುಬಿಟ್ಟು ಕೆಡವಲಾಗಿರುವುದರಿಂದ ಅಭ್ಯರ್ಥಿಯು ವಾಸಯೋಗ್ಯವಾದ, ಹಾಸಿಗೆ ಮತ್ತು ಒಲೆ ಸಹಿತವಾದ ಸ್ವಂತ ಸೂರನ್ನು ಅದೇ ಸಮಯದೊಳಗೆ ಕೇಂದ್ರದ ಆವರಣದಲ್ಲಿ ತಂದು ನಿಲ್ಲಿಸತಕ್ಕದ್ದು. ಜಾಗ, ನೀರು, ವಿದ್ಯುತ್ತನ್ನು ಒದಗಿಸಲಾಗುವುದು. ತಪ್ಪಿದಲ್ಲಿ ಪಟ್ಟಿಯ ಎರಡನೆಯವರನ್ನು ಕರೆಯಲಾಗುವುದು. ಮರುದಿನ ಮಂಗಳವಾರ ಅವಳಿಗೆ ನಲವತ್ತು ತುಂಬುತ್ತಿತ್ತು. ನಲವತ್ತು ತುಂಬಿದವರನ್ನು ಹೊಸದಾಗಿ ವೀಕ್ಷಕರ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ಸೋಮವಾರ ಹತ್ತು ಗಂಟೆ. ಇಲ್ಲವೆಂದರೆ ಈ ಜನ್ಮದಲ್ಲಿ ಇಲ್ಲ.

ಹಾಗೆ ಅವರು ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ ಹುಡುಕಿಕೊಂಡು ಬಂದಿದ್ದರು. ಅಂಗಳದವನು ಅದಕ್ಕೆ ಟ್ರೈಲರ್ ಅನ್ನುತ್ತಿದ್ದ. ಅತ್ತೆ ಒಂದು ಸುತ್ತು ನೋಡಿ ಗಾಲಿಮನೆ ಎಂದರು. ಆ ಹೆಸರೇ ನಿಂತಿತು.

ಅಂಗಳದಲ್ಲಿ ಕೊಳ್ಳುವಂಥವು ಮೂರೇ ಇದ್ದವು. ಮೊದಲನೆಯದು ಮೊಟ್ಟೆಯ ಆಕಾರದ್ದು. ಇಬ್ಬರು ಮಲಗಬಹುದು, ಅವರ ನಡುವೆ ಜಗಳ ಇಲ್ಲದಿದ್ದರೆ. ಒಂದು ಒಲೆ, ಒಂದು ಬೇಸಿನ್, ತಲೆದಿಂಬಿನಷ್ಟು ಕಿಟಕಿ. ಬುಧವಾರ ಅವರು ಮೊದಲು ಬಂದಾಗ ಅವಳು ಒಬ್ಬಳೇ ಅದರೊಳಗೆ ಹೋಗಿ ಆ ಕಿಟಕಿಯಲ್ಲಿ ಇಣುಕಿದ್ದಳು. ಎದುರಿಗೆ ತುಕ್ಕು ಹಿಡಿದ ಬಸ್ಸೊಂದರ ಬೆನ್ನು ಕಾಣುತ್ತಿತ್ತು. ಅದರ ಮೇಲೆ ಒಂದಿಷ್ಟು ಮೋಡ. ತೆಳು, ಎತ್ತರದ್ದು, ಗರಿಯಂಥದ್ದು. ಆ ಮೋಡಕ್ಕೆ ಹಾಳೆಯಲ್ಲಿ ಕೊಡಬೇಕಾದ ಸಂಕೇತ ಸಂಖ್ಯೆ ಅವಳಿಗೆ ಗೊತ್ತಿತ್ತು. ಬರೆಯುವ ಅಧಿಕಾರ ಇರಲಿಲ್ಲ. ಅವಳು ಇಳಿದು ಬಂದು ಮೆಲ್ಲಗೆ ಹೇಳಿದಳು.

"ಇದು ಸಾಕಲ್ವಾ? ಮೊದಲು ನಾನು ಹೋಗಿ ಸೇರಿಕೊಂಡುಬಿಡ್ತೀನಿ. ಆಮೇಲೆ ನಿಧಾನಕ್ಕೆ ದೊಡ್ಡದು ನೋಡಿ…"

"ನೀನೊಬ್ಳೇ?" ಎಂದ ಗಂಡ.

ಆ ಒಂದೇ ಮಾತಿನಲ್ಲಿ ಹದಿನಾರು ವರ್ಷದ ಸಂಸಾರ ಕಣ್ಣೀರು ಹಾಕಿತು. ಅತ್ತೆ ದೂರದ ಬಸ್ಸನ್ನು ನೋಡುತ್ತಾ, "ಹೋಗಮ್ಮ, ಹೋಗು. ನಮಗೇನು, ಇಲ್ಲೇ ಬಿದ್ದಿರ್ತೀವಿ" ಎಂದರು. ವಕೀಲಮ್ಮ ಬಾಯಿ ಬಿಡಲಿಲ್ಲ, ಸೊಸೆಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಅವಳು ಗಡಿಬಿಡಿಯಿಂದ, "ಇಲ್ಲಪ್ಪ, ಸುಮ್ಮನೆ ಅಂದೆ. ಎಲ್ಲರೂ ಒಟ್ಟಿಗೇ ಹೋಗೋಣ" ಎಂದಳು. ಮೂರೂ ಮುಖಗಳು ಅರಳಿದವು. ಮೊಟ್ಟೆಯ ಮಾತು ಅಲ್ಲಿಗೆ ಮುಗಿಯಿತು.

ಎರಡನೆಯದೇ ಮಡಚುವ ಮೇಜಿನದು. ಮೂರನೆಯದು ಎಷ್ಟು ದೊಡ್ಡದೆಂದರೆ, ಹಡಗು ಎಂದು ಹೆಸರಿಟ್ಟು ಎಲ್ಲರೂ ನಕ್ಕು ಮುಂದೆ ಹೋಗಿದ್ದರು.

ಗುರುವಾರ ಮೇಜಿನಲ್ಲಿ ಕಳೆಯಿತು. ಶುಕ್ರವಾರ ವಕೀಲಮ್ಮ ನೋಟುಪುಸ್ತಕ ತಂದು, ಹೀಗೆ ಬಾಯಿಗೆ ಬಂದಂತೆ ಮಾತಾಡಿದರೆ ತೀರ್ಮಾನ ಆಗುವುದಿಲ್ಲ, ಯಾರಿಗೆ ಏನು ಬೇಕೆಂದು ಬರೆದುಕೊಳ್ಳೋಣ ಎಂದಳು. ಅಜ್ಜಿ: ಹತ್ತದೆ ಇಳಿಯದೆ ಮಲಗುವ ಮಂಚ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೆ ಜಾಗ, ಆ ಜಾಗಕ್ಕೆ ಬೆಳಕು ಎಡಗಡೆಯಿಂದ. ಅಪ್ಪ: ಹತಾರಗಳಿಗೆ ಕಪಾಟು, ಗೋಡೆ ನೆಟ್ಟಗಿರಬೇಕು. ನಾನು: ಮುಚ್ಚಿದರೆ ನಿಜವಾಗಿ ಮುಚ್ಚುವ ಬಾಗಿಲು.

"ಅಮ್ಮ, ನಿಂಗೇನು ಬೇಕು?"

"ಸೋಮವಾರ" ಎಂದಳು.

ವಕೀಲಮ್ಮ ತಲೆಯೆತ್ತಿ ನೋಡಿದಳು. ಆಮೇಲೆ 'ಅಮ್ಮ: ಸೋಮವಾರ' ಎಂದು ಬರೆದು ಕೆಳಗೆ ಗೆರೆ ಎಳೆದಳು.

ಗೋಡೆ ನೆಟ್ಟಗಿರಬೇಕೆಂಬುದು ಗಂಡನ ಹಟವಲ್ಲ, ಕಸುಬು. ಅವನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷ ಕಟ್ಟಡಗಳ ಹೊಟ್ಟೆಯ ಕತ್ತಲೆ ಬಾವಿಗಳಲ್ಲಿ ನೇತಾಡಿಕೊಂಡು, ಒಂದು ಕೂದಲೆಳೆ ವಾಲಿದರೂ ಲಿಫ್ಟು ಕಿರುಗುಟ್ಟುತ್ತದೆ ಎಂದು ಕಲಿತವನು. ಅವನ ಕಣ್ಣಿಗೆ ಜಗತ್ತಿನಲ್ಲಿ ನೆಟ್ಟಗಿರುವುದು ಬಹಳ ಕಡಿಮೆ. ಶುಕ್ರವಾರ ಸಂಜೆಯ ಹೊತ್ತಿಗೆ ಅವನು ಮೇಜಿನ ಗಾಲಿಮನೆಯ ನಾಲ್ಕೂ ಮೂಲೆಗೆ ಗುಂಡು ಇಳಿಬಿಟ್ಟು ಮುಗಿಸಿದ.

"ಹಿಂದಿನ ಮೂಲೆ ನಾಲ್ಕು ಮಿಲಿಮೀಟರ್ ಹೊರಗಿದೆ."

"ಟೈರಿಗೆ ಗಾಳಿ ಹಾಕಿದ್ರೆ ಒಳಗೆ ಬರುತ್ತೆ ಸಾರ್" ಎಂದ ಅಂಗಳದವನು. ಕೊರಳಲ್ಲಿ ಬೀಗದಕೈ ಗೊಂಚಲು ಹಾಕಿಕೊಂಡು ಮೂರು ದಿನದಿಂದ ಇವರ ಹಿಂದೆ ಸುತ್ತಿದ್ದ ಅವನ ದನಿಯಲ್ಲಿ ಗ್ರಾಹಕರ ಮೇಲಿನ ಪ್ರೀತಿ ತೆಳುವಾಗತೊಡಗಿತ್ತು. "ವಿಮಾನ ಕೊಳ್ಳೋರೂ ಇಷ್ಟು ನೋಡಲ್ಲ ಸಾರ್."

"ವಿಮಾನದಲ್ಲಿ ಯಾರೂ ಹದಿನೆಂಟು ವರ್ಷ ಮಲಗಲ್ಲ."

ಗಾಳಿ ಹಾಕಿದರು. ಮೂಲೆ ಒಳಗೆ ಬಂತು. ಆದರೆ ಕತ್ತಲಾಗಿತ್ತು, ಅಂಗಳ ಮುಚ್ಚುವ ಹೊತ್ತು. ನಾಳೆ ಬೆಳಗ್ಗೆ ಮೊದಲ ಕೆಲಸ ಇದೇ ಎಂದು ಎಲ್ಲರೂ ಒಪ್ಪಿದರು. ಸೊಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ರಾತ್ರಿ ಮಾತ್ರ ಅವಳು ನಿದ್ದೆ ಮಾಡಿದ್ದು.

ಶನಿವಾರ ಬೆಳಗ್ಗೆ ಅವರು ಹೋದಾಗ ಅತ್ತೆ, "ಕೊನೇ ಸಲ ಒಮ್ಮೆ ಮಲಗಿ ನೋಡ್ತೀನಿ" ಎಂದರು. ಮಲಗಿದರು. ಎಡಕ್ಕೆ ಹೊರಳಿದರು. ಬಲಕ್ಕೆ ಹೊರಳಿದರು. ಕಣ್ಣು ಮುಚ್ಚಿದರು. ಆ ಹೊತ್ತಿಗೆ ಕೆಂಪು ಕಾರಿನಲ್ಲಿ ಗಂಡ ಹೆಂಡತಿಯಿಬ್ಬರು ಅಂಗಳಕ್ಕೆ ಬಂದರು, ಗಾಲಿಮನೆಯ ಬಾಗಿಲು ತೆರೆದರು, ಒಳಗೆ ಮುದುಕಿಯೊಬ್ಬರು ಮಲಗಿರುವುದು ಕಂಡು ಕ್ಷಮಿಸಿ ಎಂದು ಮುಚ್ಚಿದರು, ಅಂಗಳದವನ ಕೋಣೆಗೆ ಹೋದರು. ಇಪ್ಪತ್ತು ನಿಮಿಷದ ನಂತರ ಹೊರಗೆ ಬಂದು, "ಅಮ್ಮ, ಸ್ವಲ್ಪ ಇಳೀತೀರಾ? ಇದು ಈಗ ನಮ್ಮದು" ಎಂದರು.

ಅತ್ತೆ ಇಳಿದರು. ಕೆಂಪು ಕಾರು ಅದನ್ನು ಎಳೆದುಕೊಂಡು ಗೇಟು ದಾಟಿ ಹೋಯಿತು. ನಾಲ್ವರೂ ಸಾಲಾಗಿ ನಿಂತು, ಬಸ್ಸು ತಪ್ಪಿಸಿಕೊಂಡವರ ಹಾಗೆ ನೋಡಿದರು.

"ಆ ಹುಡುಗಿ ಮೇಜು ಮುಟ್ಟಿ ಕೂಡ ನೋಡಲಿಲ್ಲ" ಎಂದರು ಅತ್ತೆ, ಅಚ್ಚರಿಯಿಂದ.

ಸೊಸೆಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಬಿಡುವು ಬೇಕು. ಅವಳು ಗಂಡನ ತೋಳು ಹಿಡಿದುಕೊಂಡಳು. ಅವಳ ಉಗುರು ಅವನ ಅಂಗಿಯೊಳಕ್ಕೆ ಇಳಿಯಿತು. "ಈಗ, ಇವತ್ತು, ಯಾವುದಾದರೂ ಒಂದು. ನಿಮಗೆ ಕೈ ಮುಗೀತೀನಿ ರೀ."

ಯಾವುದಾದರೂ ಎಂದರೆ ಮೊಟ್ಟೆ ಮತ್ತು ಹಡಗು. ಮೊಟ್ಟೆಯಲ್ಲಿ ನಾಲ್ವರು ಹಿಡಿಯುವುದಿಲ್ಲ. ಹಡಗಿನಲ್ಲಿ ಹಿಡಿಯುತ್ತಾರೆ. ಹತ್ತಿ ಇಳಿಯಬೇಕಿಲ್ಲದ ಮಂಚವಿತ್ತು, ಕಪಾಟಿತ್ತು, ನಿಜವಾಗಿ ಮುಚ್ಚುವ ಬಾಗಿಲಿತ್ತು, ಬೆಳಕು ಕೂಡ ಎಡಗಡೆಯಿಂದಲೇ ಬರುತ್ತಿತ್ತು. ಇಷ್ಟು ದಿನ ಇದನ್ನೇಕೆ ನೋಡಲಿಲ್ಲ ಎಂದು ಅತ್ತೆ ಎಲ್ಲರನ್ನೂ ಗದರಿದರು. ಸೊಸೆ ಒಮ್ಮೆ ಮೊಟ್ಟೆಯ ಕಡೆ ನೋಡಿದಳು. ಎಲ್ಲರೂ ಒಟ್ಟಿಗೇ ಎಂದವಳು ತಾನೇ.

ಹಡಗಿನ ಬಾಗಿಲ ಪಕ್ಕದಲ್ಲಿ ಅಂಗೈಯಗಲದ ತಗಡಿನ ಪ್ಲೇಟು ಹೊಡೆದಿತ್ತು. ಅಂಕಿ ಕಂಡಲ್ಲಿ ನಿಲ್ಲುವುದು ಅವಳ ಅಭ್ಯಾಸ. ಓದಿದಳು.

"ರೀ, ಒಟ್ಟು ತೂಕ ಸಾವಿರದ ಆರುನೂರು ಕಿಲೋ ಮೀರಬಾರದು ಅಂತಿದೆ. ಖಾಲಿ ಗಾಡಿಯೇ ಸಾವಿರದ ಮುನ್ನೂರ ಅರವತ್ತು. ಉಳಿಯೋದು ಇನ್ನೂರ ನಲವತ್ತು. ಹೊಲಿಗೆ ಯಂತ್ರ, ನಿಮ್ಮ ಹತಾರ, ಪಾತ್ರೆ, ಪುಸ್ತಕ…"

ಗಂಡ ನಕ್ಕ. ನಾಲ್ಕು ದಿನದಲ್ಲಿ ಮೊದಲ ಸಲ ಅವನಿಗೆ ಪೂರ್ತಿ ಗೊತ್ತಿರುವ ವಿಷಯವೊಂದು ಬಂದಿತ್ತು.

"ಪ್ಲೇಟನ್ನ ನಂಬ್ತೀಯಾ? ಲಿಫ್ಟಿನ ಪ್ಲೇಟು ನೋಡಿದೀಯಲ್ಲ, ಆರು ಜನ ಅಂತ ಬರೆದಿರುತ್ತೆ. ಹಗ್ಗ ಎಷ್ಟು ಜನರನ್ನ ಹೊರುತ್ತೆ ಗೊತ್ತಾ? ಎಪ್ಪತ್ತೆರಡು! ಹನ್ನೆರಡು ಪಟ್ಟು ಬಿಟ್ಟೇ ಪ್ಲೇಟು ಹೊಡೆಯೋದು. ಜನ ಹದ್ದುಮೀರಬಾರದು ಅಂತ ಹೆದರಿಸೋಕೆ ಇರೋದು ಕಣೆ ಅದು."

"ಇದೂ ಹಾಗೇನಾ?"

"ಪ್ಲೇಟು ಅಂದ್ರೆ ಪ್ಲೇಟು."

ಹನ್ನೆರಡು ಪಟ್ಟು ಎಂಬುದು ಅವಳ ಮನಸ್ಸಿಗೆ ಒಪ್ಪಲಿಲ್ಲ. ಆದರೆ ಅದು ಶನಿವಾರ ಸಂಜೆ ನಾಲ್ಕು ಗಂಟೆ. ಒಪ್ಪದಿದ್ದರೆ ಮತ್ತೆ ಮಾತು ಶುರುವಾಗುತ್ತದೆ, ಮಾತು ಶುರುವಾದರೆ ಕತ್ತಲಾಗುತ್ತದೆ. "ಸರಿ" ಎಂದಳು.

ಭಾನುವಾರ ತುಂಬಿದರು. ಹೊಲಿಗೆ ಯಂತ್ರ ಕಬ್ಬಿಣದ ಪಾದ ಸಹಿತ ಹೋಯಿತು. ಅತ್ತೆಯ ಎರಡು ಟ್ರಂಕು, ವಕೀಲಮ್ಮನ ಪುಸ್ತಕದ ಮೂರು ಪೆಟ್ಟಿಗೆ, ಹತಾರಗಳ ಕಪಾಟು, ನೀರಿನ ಡ್ರಮ್ಮು. ಕೊನೆಗೆ ಗಂಡ ಶೆಡ್ಡಿನಿಂದ ಎರಕದ ಕಬ್ಬಿಣದ ಎಂಟು ಇಟ್ಟಿಗೆಗಳನ್ನು ಒಂದೊಂದಾಗಿ ಎದೆಗವಚಿಕೊಂಡು ತಂದ. ಹಳೆಯ ಲಿಫ್ಟೊಂದರ ಭಾರ ಸರಿದೂಗಿಸುತ್ತಿದ್ದ ಎದುರುತೂಕಗಳು ಅವು.

"ಇವು ಯಾಕೆ ರೀ?"

"ಬೆಟ್ಟದ ಮೇಲೆ ಗಾಳಿ. ಮನೆ ಹಾರಿಹೋದ್ರೆ?"

"ಇದು ಹಾರುತ್ತಾ ಅಪ್ಪ?" ಎಂದಳು ವಕೀಲಮ್ಮ, ನೆಲಕ್ಕೆ ಅಂಟಿಕೊಂಡಂತಿದ್ದ ಟೈರುಗಳನ್ನು ತೋರಿಸಿ. "ಇದು ಉಸಿರಾಡಿದ್ರೇ ಹೆಚ್ಚು."

ಕತ್ತಲಾದ ಮೇಲೆ ಎಳೆಗಾಡಿಗಳನ್ನು ಬೆಟ್ಟದ ರಸ್ತೆಗೆ ಬಿಡುವುದಿಲ್ಲ. ಹಾಗಾಗಿ ಸೋಮವಾರ ಬೆಳಗಿನ ಐದಕ್ಕೆ ಹೊರಟರು. ಎಂಬತ್ತೈದು ಕಿಲೋಮೀಟರ್ ದಾರಿ, ಎಂಟೂವರೆಗೆ ತಲುಪಬೇಕು. ಗಂಡನ ಹಳೆಯ ಜೀಪು ಬಯಲಿನಲ್ಲಿ ಗೊಣಗದೆ ಎಳೆಯಿತು. ಬೆಟ್ಟ ಶುರುವಾದ ಮೇಲೆ ಮೊದಲನೆಯ ಗೇರಿಗೆ ಬಂದು ಅಲ್ಲೇ ಉಳಿಯಿತು. ಅವಳು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಆರೂ ನಲವತ್ತು. ಏಳು ಹತ್ತು. ಪ್ರತಿ ತಿರುವಿನಲ್ಲೂ ಬೆನ್ನ ಹಿಂದೆ ಹಡಗು ನರಳುತ್ತಿತ್ತು, ಆ ನರಳಾಟ ಅವಳ ಬೆನ್ನೆಲುಬಿನಲ್ಲಿ ಇಳಿಯುತ್ತಿತ್ತು. ಏಳೂ ನಲವತ್ತಕ್ಕೆ, ಹನ್ನೊಂದನೆಯ ತಿರುವಿನಲ್ಲಿ, ಯಾರೋ ದೊಡ್ಡ ಬಾಗಿಲನ್ನು ಒದ್ದು ಮುರಿದಂಥ ಸದ್ದಾಯಿತು. ಜೀಪು ಹಿಂದಕ್ಕೆ ಜಗ್ಗಿ ನಿಂತಿತು.

ಗಂಡ ಇಳಿದು ಗಾಲಿಮನೆಯ ಕೆಳಗೆ ತೂರಿದ. ಬರೀ ಕಾಲು ಕಾಣುತ್ತಿದ್ದವು; ಅವು ಬಹಳ ಹೊತ್ತು ಅಲುಗಾಡಲಿಲ್ಲ. ಎದ್ದು ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅಚ್ಚು ಮುರಿದಿದೆ."

"ನಿಮ್ಮ ಹನ್ನೆರಡು ಪಟ್ಟು ಎಲ್ರೀ?" ಎಂದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅದು ಲಿಫ್ಟಲ್ಲಿ ಇರುತ್ತೆ ಕಣೆ" ಎಂದ ಅವನು, ನೆಲ ನೋಡುತ್ತಾ.

ಅವಳು ರಸ್ತೆಯ ಅಂಚಿಗೆ ಹೋಗಿ ನಿಂತಳು. ಇನ್ನು ಒಂಬತ್ತು ಕಿಲೋಮೀಟರ್. ಮೇಲೆ, ಗುಡ್ಡದ ನೆತ್ತಿಯಲ್ಲಿ ಬಿಳಿಯ ಚುಕ್ಕೆಯೊಂದು ಕಾಣುತ್ತಿತ್ತು. ಅದು ಉಷ್ಣಮಾಪಕ ಇಡುವ ಜಾಲರಿ ಪೆಟ್ಟಿಗೆ ಎಂದು ಹನ್ನೊಂದು ವರ್ಷ ಅಂಥದ್ದರ ಚಿತ್ರ ನೋಡಿದ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೈ ಚಾಚಿದರೆ ಸಿಗುವಂತಿತ್ತು. ಅವಳು ಮೈಲಿಗಲ್ಲಿನ ಮೇಲೆ ಕೂತಳು. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಎಂದೂ ಇಲ್ಲದ್ದು, ತಲೆಯ ಮೇಲೆ ಕೈಯಿಟ್ಟರು.

"ಆ ಹೊಲಿಗೆ ಯಂತ್ರ ಕೆಳಕ್ಕೆ ಉರುಳಿಸಿಬಿಡೋಣ್ವೇನೇ?"

"ಈಗ ಉರುಳಿಸಿ ಏನು ಮಾಡೋದು ಅತ್ತೆ?"

"ಅದೂ ಹೌದು" ಎಂದು ಅತ್ತೆ ಮೂಗು ಒರೆಸಿಕೊಂಡರು.

ಆಗ ಕೆಳಗಿನಿಂದ ಕಲ್ಲು ಸಾಗಿಸುವ ಲಾರಿಯೊಂದು ಖಾಲಿಯಾಗಿ ಬಂತು. ರಸ್ತೆಗೆ ಅಡ್ಡ ನಿಂತ ವಕೀಲಮ್ಮನನ್ನು ನೋಡಿ ಡ್ರೈವರು ಬ್ರೇಕು ಒತ್ತಿದ. ಅವಳು ಅವನಿಗೆ ಏನು ವಾದ ಹೇಳಿದಳೋ, ಮೂರು ನಿಮಿಷದಲ್ಲಿ ಅವನು ಇಳಿದು ಬಂದು ತಲೆ ಕೆರೆದುಕೊಳ್ಳುತ್ತಿದ್ದ.

"ನಮ್ಮ ಲಾರಿಗೆ ಕಲ್ಲು ಗೊತ್ತು, ಜಲ್ಲಿ ಗೊತ್ತು. ಅಡುಗೆಮನೆ ಹೊತ್ತಿಲ್ಲ. ಅದಿರಲಿ, ಮೇಲೆ ಎತ್ತೋರು ಯಾರು?"

ಗಂಡ ತಲೆಯೆತ್ತಿದ. ರಸ್ತೆಯ ಮೇಲೆ ಚಾಚಿದ ಹಳೆಯ ಮರದ ಕೊಂಬೆಯೊಂದನ್ನು ನೋಡಿದ. ಕೊಂಬೆಯ ದಪ್ಪ ನೋಡಿದ. ಅವನ ಮುಖಕ್ಕೆ ರಕ್ತ ವಾಪಸು ಬಂತು. "ಎತ್ತೋದು ನನಗೆ ಬಿಡಿ" ಎಂದು ಜೀಪಿನ ಹಿಂಬದಿಯಿಂದ ಎರಡು ಟನ್ನಿನ ಚೈನ್ ಪುಲ್ಲಿ ಎಳೆದ. "ಮೊದಲು ಒಳಗಿನದೆಲ್ಲ ಹೊರಗೆ. ಈ ಸಲ ಒಂದು ಚಮಚಾನೂ ಬಿಡಬೇಡಿ."

ಎಂಟೂವರೆ ಆಯಿತು. ರಸ್ತೆಯ ಬದಿಯಲ್ಲಿ ಟ್ರಂಕು, ಪುಸ್ತಕ, ಕಬ್ಬಿಣದ ಇಟ್ಟಿಗೆ ಸಾಲುಗಟ್ಟಿದವು. ಸರಪಳಿ ಕಟಕಟ ಎನ್ನುತ್ತಾ ಒಂದೊಂದೇ ಹಲ್ಲು ಏರುತ್ತಿತ್ತು. ಹಡಗಿನ ಮೂತಿ ಗೇಣು ಗೇಣಾಗಿ ಮೇಲೆದ್ದಿತು. ಅದೇ ಹೊತ್ತಿಗೆ ಹಾಲಿನ ವ್ಯಾನೊಂದು ಪಕ್ಕಕ್ಕೆ ಸರಿದು ಹೋಗಲು ನೋಡಿತು.

"ನೀನು ಹೋಗು" ಎಂದ ಗಂಡ, ಸರಪಳಿ ಬಿಡದೆ. "ಹಾಜರಿ ಹಾಕು. ಹತ್ತರೊಳಗೆ ನಾನು ಮನೆ ತರ್ತೀನಿ."

"ತರ್ತೀರಾ?"

ಅವನು ಸರಪಳಿ ಇನ್ನಷ್ಟು ಜೋರಾಗಿ ಎಳೆದ. ಅವಳು ಹಾಲಿನ ಕ್ಯಾನುಗಳ ನಡುವೆ ಫೈಲು ಅವಚಿಕೊಂಡು ಕೂತಳು.

ಕೇಂದ್ರವೆಂದರೆ ಒಂದೇ ಕೋಣೆ, ಸುತ್ತ ತಂತಿಬೇಲಿ, ನಡುವೆ ಹುಲ್ಲು. ಬಿಳಿಯ ಪೆಟ್ಟಿಗೆ, ಮಳೆಮಾಪಕ, ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳು. ಸ್ವೆಟರು ಹಾಕಿಕೊಂಡ ಹಿರಿಯ ವೀಕ್ಷಕರು ಒಬ್ಬರೇ ಇದ್ದರು. ಐದು ತಿಂಗಳಿಂದ ಒಬ್ಬರೇ ಹಗಲೂ ರಾತ್ರಿ ಮಾಪಕಗಳನ್ನು ಓದುತ್ತಿದ್ದುದರಿಂದ ಅವರ ಕಣ್ಣ ಕೆಳಗೆ ಚೀಲ ಇಳಿದಿತ್ತು. ಅವಳನ್ನು ನೋಡಿ, "ಬಂದ್ರಾ ತಾಯಿ!" ಎಂದರು, ಅಷ್ಟು ಸಂತೋಷದಿಂದ ಅವಳನ್ನು ಯಾವ ಕಚೇರಿಯಲ್ಲೂ ಯಾರೂ ಮಾತಾಡಿಸಿರಲಿಲ್ಲ. ಆಮೇಲೆ ಅವಳ ಹಿಂದೆ ನೋಡಿದರು. "ಸೂರು?"

"ಬರ್ತಿದೆ ಸಾರ್."

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತು. ಅವರು ಚಹಾ ಮಾಡಿ ಕೊಟ್ಟರು. ಲೋಟ ಅವಳ ಕೈಯಲ್ಲೇ ಆರಿತು. ದುರ್ಬೀನು ಕೊಟ್ಟರು. ಬೇಲಿಯ ಅಂಚಿನಿಂದ ಬೆಟ್ಟದ ರಸ್ತೆ ಬಿಚ್ಚಿದ ದಾರದ ಉಂಡೆಯ ಹಾಗೆ ಕೆಳಗೆ ಬಿದ್ದಿತ್ತು. ಒಂಬತ್ತೂವರೆಗೆ ದಾರದ ಮೇಲೆ ಏನೂ ಇರಲಿಲ್ಲ. ಒಂಬತ್ತೂ ಮುಕ್ಕಾಲಿಗೆ ಒಂದು ಲಾರಿ ಕಾಣಿಸಿತು, ಅದರ ಬೆನ್ನ ಮೇಲೆ ಒಂದು ಮನೆ. ಮನೆಯ ಕಿಟಕಿಯ ಪರದೆ ಹೊರಗೆ ಹಾರುತ್ತಿತ್ತು. ಏಳು ತಿರುವು ಕೆಳಗೆ. ಅವಳು ದುರ್ಬೀನನ್ನು ಕಣ್ಣಿಗೆ ಒತ್ತಿ ಹಿಡಿದು, ಬಾ, ಬಾ, ಬಾ ಎಂದು ಗಟ್ಟಿಯಾಗಿ ಹೇಳುತ್ತಿದ್ದುದು ಅವಳಿಗೇ ಕೇಳಿಸುತ್ತಿರಲಿಲ್ಲ. ಲಾರಿ ತಿರುವಿನಲ್ಲಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಮುಂದಕ್ಕೆ. ಮನೆ ಉದ್ದ, ತಿರುವು ಚಿಕ್ಕದು. ಪ್ರತಿಯೊಂದಕ್ಕೂ ಮೂರು ಸಲ ಹಿಂದೆ ಮುಂದೆ ಆಡಬೇಕಿತ್ತು.

ಹತ್ತು ಹೊಡೆಯಿತು. ಹಿರಿಯ ವೀಕ್ಷಕರು ಬೆನ್ನು ತಿರುಗಿಸಿ ಗಾಳಿಯ ಬಟ್ಟಲುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹೊಡೆದದ್ದು ತಮಗೆ ಕೇಳಿಸಿದಂತೆ ತೋರಿಸಿಕೊಳ್ಳಲಿಲ್ಲ.

ಲಾರಿ ಗೇಟಿನೊಳಗೆ ಬಂದಾಗ ಕ್ಯಾಬಿನ್ನಿನಲ್ಲಿ ಕೂತಿದ್ದ ಅತ್ತೆ ಯುದ್ಧ ಗೆದ್ದು ಬಂದವರ ಹಾಗೆ ಕೈ ಬೀಸಿದರು. ಹಿಂದಿನಿಂದ ಜೀಪು. ಗಂಡನ ಅಂಗೈ ಎರಡೂ ಸುಲಿದು ಬಟ್ಟೆ ಸುತ್ತಿತ್ತು. ಹಿರಿಯರು ಲಾರಿ ಹತ್ತಿ ಒಳಗೆ ಇಣುಕಿ, "ಹಾಸಿಗೆ ಇದೆ, ಒಲೆ ಇದೆ" ಎಂದು ಇಳಿದು ಬಂದರು. ಕೋಣೆಗೆ ಹೋಗಿ ಹಾಜರಿ ದಫ್ತರವನ್ನು ತೆರೆದು ಅವಳ ಮುಂದೆ ತಳ್ಳಿದರು, ಪೆನ್ನು ಕೊಟ್ಟರು.

"ಎಲ್ಲಾ ಕಾಲಮ್ಮೂ ನೀವೇ ತುಂಬಿ. ಸೂರು ಬಂದ ಸಮಯಾನೂ. ನನ್ನ ಕನ್ನಡಕ ಎಲ್ಲಿಟ್ಟೆನೋ ಕಾಣ್ತಿಲ್ಲ." ಕನ್ನಡಕ ಅವರ ಹಣೆಯ ಮೇಲಿತ್ತು. "ನಾನು ಹೋಗಿ ಮಳೆಮಾಪಕ ನೋಡಿ ಬರ್ತೀನಿ."

ಇಪ್ಪತ್ತು ದಿನದಿಂದ ಆ ಬೆಟ್ಟದಲ್ಲಿ ಹನಿ ಮಳೆ ಬಿದ್ದಿರಲಿಲ್ಲ. ಆ ಸೊನ್ನೆಗಳನ್ನು ಹಾಳೆಗೆ ಇಳಿಸಿದವಳೇ ಅವಳು. ಅವರು ಯಾಕೆ ಹೊರಗೆ ಹೋದರೆಂದು ಅವಳಿಗೆ ಅರ್ಥವಾಯಿತು.

ಕೈಗೆ ಅರ್ಥವಾಗಲಿಲ್ಲ. ಅದು ಹೆಸರು ಬರೆಯಿತು, ಜನ್ಮದಿನಾಂಕ ಬರೆಯಿತು, ವಾಸದ ವಿವರ ಬರೆಯಿತು. ಸಮಯದ ಕಾಲಮ್ಮು ಬಂದಾಗ ಕಣ್ಣು ತಾನಾಗಿ ಗೋಡೆಯ ಕಡೆ ಎದ್ದಿತು, ಕೈ ತಾನಾಗಿ ಓಡಿತು. ತಡವಾಗಿ ಓದಿ ಸಮಯಕ್ಕೇ ಓದಿದೆನೆಂದು ಬರೆಯುವ ವೀಕ್ಷಕರನ್ನು ಹನ್ನೊಂದು ವರ್ಷ ಅವಳು ಅಂಕಿಯ ವಾಸನೆಯಿಂದಲೇ ಹಿಡಿದು, ಕೆಂಪು ಪೆನ್ಸಿಲಿನಲ್ಲಿ ಸುತ್ತಿ ವಾಪಸು ಕಳಿಸಿದ್ದಳು. ಕಂಡದ್ದನ್ನು ಕಂಡ ಗಳಿಗೆಗೇ ಬರೆಯುವುದು ಬಿಟ್ಟರೆ ಆ ಕೈಗೆ ಬೇರೇನೂ ಬರುತ್ತಿರಲಿಲ್ಲ.

ಅವಳು ಬರೆದದ್ದನ್ನು ಓದಿದಳು. ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಶಾಯಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಅಳಿಸುತ್ತದೆಯೋ ಎಂದು ಹೆಬ್ಬೆರಳು ಎತ್ತಿದಳು, ಹಾಗೇ ಹಿಡಿದುಕೊಂಡು ನಿಂತಳು. ಒಣಗಿತು.

ಹಿರಿಯರು ಒಳಗೆ ಬಂದು, ಹಣೆಯ ಕನ್ನಡಕ ಕಣ್ಣಿಗಿಳಿಸಿ ಓದಿದರು. ಬಹಳ ಹೊತ್ತು ಓದಿದರು.

"ನಾನು ಹೊರಗೆ ಹೋಗಿದ್ದೆನಲ್ಲ ತಾಯಿ."

"ಗೊತ್ತಾಯ್ತು ಸಾರ್."

"ಮತ್ತೆ?"

"ಕೈ ಬರೆದುಬಿಡ್ತು."

ಅವರು ಕುರ್ಚಿಯಲ್ಲಿ ಕುಸಿದರು. "ಗೆರೆ ಹೊಡೆದು ತಿದ್ದಬೇಕು ಅಂದ್ರೆ ಇಬ್ಬರು ವೀಕ್ಷಕರ ಸಹಿ ಬೇಕು. ಇಲ್ಲಿರೋದು ನಾನೊಬ್ಬನೇ. ಇನ್ನೊಬ್ಬರು ಬೇಕು ಅಂತಲೇ ತಾನೆ ನಿಮ್ಮನ್ನ ಕರೆಸಿದ್ದು."

ಹೊರಗೆ ಗಂಡ ಲಾರಿಯವನಿಗೆ ಮನೆಯನ್ನು ಯಾವ ಕಡೆ ಮುಖ ಮಾಡಿ ಇಳಿಸಬೇಕೆಂದು ವಿವರಿಸುತ್ತಿದ್ದ. ಅತ್ತೆ ಬಾಗಿಲ ಕಡೆ ಬಂದು, "ಏನಮ್ಮ, ಆಯ್ತಾ ನಿನ್ನ ಸಹಿ? ಎಂಥ ಗಾಳಿ ಇಲ್ಲಿ!" ಎಂದು ಕೂಗಿದರು. ಅವಳು ಪೆನ್ನಿನ ಮುಚ್ಚಳ ಹುಡುಕಿ ಹಾಕಿದಳು.

ಬುಧವಾರ ಬೆಳಗ್ಗೆ ಪಟ್ಟಿಯ ಎರಡನೆಯವರು ಬಂದು ಕೆಲಸಕ್ಕೆ ಹಾಜರಾದರು.